ಹಾಜರಿಗೆ ನೌಕರ, ತೆರಿಗೆಗೆ ವೃತ್ತಿಪರ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಒಂದು ಹೊಸ ಪಂಗಡ ಹುಟ್ಟಿಕೊಂಡಿದೆ. ಇವರು ಬೆಳಿಗ್ಗೆ ಒಂಬತ್ತೂವರೆಗೆ ಕಾರ್ಡು ಉಜ್ಜಿ ಒಳಗೆ ಹೋಗುತ್ತಾರೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಂಪನಿಯ ಮ್ಯಾನೇಜರ್ ಬೈದರೆ ಬೈಸಿಕೊಳ್ಳುತ್ತಾರೆ. ಮಗುವಿನ ನಾಮಕರಣಕ್ಕೆ ರಜೆ ಬೇಕಾದರೆ ಎರಡು ವಾರ ಮೊದಲೇ ಮೇಲ್ ಹಾಕಿ, ಉತ್ತರ ಬಂತೇ ಎಂದು ಗಂಟೆಗೊಮ್ಮೆ ನೋಡಿಕೊಳ್ಳುತ್ತಾರೆ. ಇಷ್ಟಾದರೂ ಕಾಗದದ ಪ್ರಕಾರ ಇವರು ಯಾರ ಆಳೂ ಅಲ್ಲ. ಸ್ವತಂತ್ರ ವೃತ್ತಿಪರರು. ಹೈಕೋರ್ಟಿನ ಹಿರಿಯ ವಕೀಲರು, ಹೃದಯತಜ್ಞರು, ಆರ್ಕಿಟೆಕ್ಟುಗಳು ಕೂರುವ ಪಂಕ್ತಿಯಲ್ಲೇ ಇವರಿಗೂ ಎಲೆ ಹಾಕಿದ್ದಾರೆ. ಬಡಿಸುವವನು ಮಾತ್ರ ಇವರ ಎಲೆ ದಾಟಿಕೊಂಡು ಹೋಗುತ್ತಾನೆ.

ಇವರಲ್ಲಿ ಒಬ್ಬನನ್ನು ತೋರಿಸುತ್ತೇನೆ. ಹೆಸರು ಹೇಳುವುದಿಲ್ಲ. ಹೇಳಿದರೆ ಬನಶಂಕರಿಯಿಂದ ವೈಟ್‌ಫೀಲ್ಡಿನವರೆಗೆ ಅದೇ ಹೆಸರಿನವರೆಲ್ಲ ‘ನನ್ನ ಬಗ್ಗೆ ಯಾಕೆ ಬರೆದಿರಿ’ ಎಂದು ಜಗಳಕ್ಕೆ ಬರುತ್ತಾರೆ. ಕನ್ಸಲ್ಟೆಂಟ್ ಎಂದೇ ಕರೆಯೋಣ. ಅವನ ಮ್ಯಾನೇಜರ್ ಕೂಡ ಹೆಸರು ನೆನಪಾಗದಾಗ ಹಾಗೇ ಕರೆಯುವುದು.

ಕೆಲಸಕ್ಕೆ ಸೇರಿದ ದಿನ ಎಚ್‌ಆರ್ ಹುಡುಗಿ ನಗುನಗುತ್ತಾ ವಿವರಿಸಿದಳು. “ಸರ್, ನೀವು ನಮ್ಮ ರೋಲ್ಸ್‌ನಲ್ಲಿ ಇರಲ್ಲ, ಕನ್ಸಲ್ಟೆಂಟ್ ಆಗಿ ಇರ್ತೀರಿ. ಬರೀ ಪೇಪರ್‌ವರ್ಕ್ ಅಷ್ಟೆ. ಪಿಎಫ್ ಕಟ್ ಆಗಲ್ಲ, ಇನ್-ಹ್ಯಾಂಡ್ ಜಾಸ್ತಿ ಬರತ್ತೆ.” ಪಿಎಫ್ ಕಟ್ ಆಗಲ್ಲ ಎನ್ನುವುದನ್ನು ನಮ್ಮವನು ಲಾಭವೆಂದು ಕೇಳಿಸಿಕೊಂಡ. ರೋಲ್ಸ್‌ನಲ್ಲಿ ಇದ್ದವರಿಗೆ ಕಂಪನಿ ತನ್ನ ಗಂಟಿನಿಂದ ಹಾಕುವ 12 ಪರ್ಸೆಂಟ್ ಕೂಡ ಅದರ ಜತೆಗೇ ಹೋಯಿತು ಎಂಬುದು ಆ ನಗುವಿನ ಒಳಗಡೆ ಇತ್ತು. ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಕೂಡಿಬರುವ ಗ್ರಾಚ್ಯುಟಿಯೂ ಇಲ್ಲ. ಹೆಣ್ಣುಮಕ್ಕಳಾದರೆ 26 ವಾರಗಳ ಹೆರಿಗೆ ರಜೆ ಇಲ್ಲ. ಮನೆಗೆ ಕಳಿಸುವಾಗ ‘ತೆಗೆದುಹಾಕಿದರು’ ಎಂಬ ಕೆಟ್ಟ ಮಾತು ಸಹ ಇಲ್ಲ. ಕಾಂಟ್ರ್ಯಾಕ್ಟ್ ರಿನ್ಯೂ ಆಗಲಿಲ್ಲ, ಅಷ್ಟೆ. ಒಪ್ಪಂದ ಹದಿನಾಲ್ಕು ಪುಟವಿತ್ತು. ನಮ್ಮವನು ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿದ. ಎದುರಿಗೆ ಕೂತು ಒಪ್ಪಂದ ಓದಿದರೆ ಅವರಿಗೆ ಬೇಜಾರಾಗಬಹುದು ಎಂದು ನಮ್ಮ ಕಡೆ ಒಂದು ದಾಕ್ಷಿಣ್ಯ ಇದೆ.

ತಿಂಗಳಿಗೆ 2 ಲಕ್ಷ ಎಂದು ಮಾತಾಗಿತ್ತು. ಬ್ಯಾಂಕಿಗೆ ಬಂದದ್ದು 1 ಲಕ್ಷ 80 ಸಾವಿರ. ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನ ಪ್ರಕಾರ ಹತ್ತು ಪರ್ಸೆಂಟ್ ಟಿಡಿಎಸ್. ಆಗ ಅವನಿಗೆ ಮೊದಲ ಸಲ ಒಂದು ತಾತ್ವಿಕ ಪ್ರಶ್ನೆ ಹುಟ್ಟಿತು: ನಾನು ಯಾರು? ಹಿಂದೆ ಈ ಪ್ರಶ್ನೆ ಹುಟ್ಟಿದವರು ಹಿಮಾಲಯಕ್ಕೋ ಅರುಣಾಚಲಕ್ಕೋ ಹೋಗುತ್ತಿದ್ದರು. ಇವನು ಪಾರ್ಕಿಗೆ ಹೋದ.

ಜಯನಗರವಿರಲಿ, ವಿಜಯನಗರವಿರಲಿ, ಬೆಂಗಳೂರಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದೇ ಇರುತ್ತಾರೆ. ಮಂಡಿನೋವಿನಿಂದ ಹಿಡಿದು ಮ್ಯೂಚುವಲ್ ಫಂಡಿನವರೆಗೆ ಅವರಲ್ಲಿ ಉತ್ತರವಿದೆ, ಅದೂ ಪ್ರಶ್ನೆ ಮುಗಿಯುವ ಮೊದಲೇ.

“ಹತ್ತು ಪರ್ಸೆಂಟ್ ಹಿಡ್ಕೊಂಡಿದ್ದಾರಾ? ಹಾಗಾದ್ರೆ ನಿಂದು ಮುಗೀತಲ್ಲಪ್ಪ. ಇನ್ನೇನು ಕಟ್ಟೋದು?”

“ಅಂಕಲ್, ಸ್ಲ್ಯಾಬು 30 ಪರ್ಸೆಂಟ್‌ವರೆಗೂ ಇದೆಯಲ್ಲ?”

“ಅದು ಸಂಬಳದವರಿಗೆ ಕಣೋ. ನೀನು ಕನ್ಸಲ್ಟೆಂಟು. ನಿಂದು ಹತ್ತೇ.”

ಮೂವತ್ತೈದು ವರ್ಷದ ಸೇವೆಯಲ್ಲಿ ಅಂಕಲ್ ನೋಡಿದ್ದು ಫಾರಂ 16 ಒಂದನ್ನೇ. ಬ್ಯಾಂಕು ಪ್ರತಿ ತಿಂಗಳೂ ಲೆಕ್ಕ ಹಾಕಿ, ಹಿಡಿಯಬೇಕಾದ್ದನ್ನು ಹಿಡಿದು, ಜೂನಿನಲ್ಲಿ ಕಾಗದ ಕೈಗೆ ಕೊಡುತ್ತಿತ್ತು. ಸಂಬಳವಲ್ಲದ ದುಡ್ಡಿಗೆ ಬರುವ 16ಎ ಎಂಬುದು ಬೇರೆಯೇ ಪ್ರಾಣಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಟಿಡಿಎಸ್ ಎನ್ನುವುದು ತೆರಿಗೆಯ ಮುಂಗಡ ಮಾತ್ರ. ಅದು ಹೋಗಿ ಇನ್ನೂ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ತೆರಿಗೆ ಉಳಿದಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತಿನಲ್ಲಿ ಕಟ್ಟಬೇಕು. ತಡವಾದರೆ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ. ಇದೆಲ್ಲ ಹೇಳಿದ್ದರೆ ಅಂಕಲ್ ನಂಬುತ್ತಿದ್ದರೋ ಇಲ್ಲವೋ. ಬಿಟ್ಟಿ ಸಲಹೆಯಲ್ಲಿ ಒಂದು ಅನುಕೂಲವಿದೆ, ಕೊಟ್ಟವರು ನೋಟಿಸ್ ಬಂದ ದಿನ ಮಗಳ ಮನೆಗೆ ಅಮೆರಿಕಕ್ಕೆ ಹೋಗಿರುತ್ತಾರೆ.

ಎರಡನೆಯ ಗುರು ಫೋನಿನ ಒಳಗೆ ಸಿಕ್ಕ. ಅರ್ಧ ನಿಮಿಷದ ರೀಲು, ಹಿಂದೆ ಡೋಲಿನ ಸದ್ದು, ಮುಂದೆ ಸೂಟು ಹಾಕಿದ ಹುಡುಗ. ‘ವರ್ಷಕ್ಕೆ 24 ಲಕ್ಷ ದುಡಿಯಿರಿ, ತೆರಿಗೆ ಸೊನ್ನೆ!’ ಇಂಥವರು ಹೇಳುವುದು ಶುದ್ಧ ಸುಳ್ಳಾಗಿದ್ದರೆ ಈ ಅಂಕಣವೇ ಬೇಕಿರಲಿಲ್ಲ. ಕಷ್ಟ ಇರುವುದು ಅವನ ಲೆಕ್ಕ ಸರಿಯಾಗಿರುವುದರಲ್ಲಿ. 2016ರ ಬಜೆಟ್ಟಿನಲ್ಲಿ 44ಎಡಿಎ ಎಂಬ ಕಲಮು ಬಂತು. ಪಟ್ಟಿಯಲ್ಲಿರುವ ವೃತ್ತಿಯವರು, ಆಗ 50 ಲಕ್ಷದವರೆಗೆ, ಈಗ ನಗದು ಐದು ಪರ್ಸೆಂಟ್ ಮೀರದಿದ್ದರೆ 75 ಲಕ್ಷದವರೆಗೆ ಗಳಿಸಿದರೆ, ಬಂದದ್ದರಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಉಳಿದರ್ಧ ಖರ್ಚು ಎಂದು ಸರ್ಕಾರವೇ ನಂಬಿಬಿಡುತ್ತದೆ. ಬಿಲ್ಲು ಕೇಳುವುದಿಲ್ಲ, ಲೆಕ್ಕದ ಪುಸ್ತಕ ಕೇಳುವುದಿಲ್ಲ. 24 ಲಕ್ಷದಲ್ಲಿ ಅರ್ಧ 12 ಲಕ್ಷ. 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಬಂದು ತೆರಿಗೆ ಸೊನ್ನೆ. ಪಕ್ಕದ ಕುರ್ಚಿಯಲ್ಲಿ ಅದೇ ಕೆಲಸ ಮಾಡುತ್ತಾ ಅದೇ 24 ಲಕ್ಷವನ್ನು ಸಂಬಳವೆಂದು ಪಡೆಯುವವನು 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿಸಿ, ಕಟ್ಟಬೇಕಾದದ್ದು 2,92,500 ರೂಪಾಯಿ. ಇಬ್ಬರೂ ಕುಡಿಯುವುದು ಒಂದೇ ಮಷೀನಿನ ಕಾಫಿ.

ಕ್ಲಿನಿಕ್ಕಿನ ಬಾಡಿಗೆ, ನರ್ಸಿನ ಸಂಬಳ, ಕರೆಂಟಿನ ಬಿಲ್ಲು ಕಟ್ಟುವ ಡಾಕ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅನುಕೂಲ ಇದು. ನಮ್ಮ ಕನ್ಸಲ್ಟೆಂಟಿನ ವೃತ್ತಿ ಖರ್ಚು ಎಂದರೆ ಮೆಟ್ರೊ ಕಾರ್ಡು. ಲ್ಯಾಪ್‌ಟಾಪ್ ಅವರದು, ಇಂಟರ್ನೆಟ್ ಅವರದು, ಟಿಶ್ಯೂ ಪೇಪರೂ ಅವರದೇ. ಮಿಕ್ಕ 12 ಲಕ್ಷ ಎಲ್ಲಿ ಖರ್ಚಾಯಿತು ಎಂದು ಯಾರೂ ಕೇಳುವುದಿಲ್ಲ ಎಂದು ಕೇಳಿದ ದಿನ ರಾತ್ರಿ ಅವನು ಸರ್ಕಾರದ ಬಗ್ಗೆ ಹೆಂಡತಿಯ ಬಳಿ ಒಳ್ಳೆಯ ಮಾತಾಡಿದ. ಮದುವೆಯಾದಾಗಿನಿಂದ ಅವಳು ಅಂಥದ್ದು ಕೇಳಿರಲಿಲ್ಲ.

ಪಟ್ಟಿಯ ವಿಚಾರ ರೀಲಿನಲ್ಲಿ ಬರಲಿಲ್ಲ, ಅದಕ್ಕೆ ಡೋಲು ಬಡಿಯುವುದು ಕಷ್ಟ. ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಅಕೌಂಟೆನ್ಸಿ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರ, ಆಮೇಲೆ ಸೇರಿಸಿದ ಕಂಪನಿ ಸೆಕ್ರೆಟರಿ, ಮಾಹಿತಿ ತಂತ್ರಜ್ಞಾನ, ಸಿನಿಮಾ ಕಲಾವಿದರು. ನಮ್ಮವನು ಐಟಿ, ಒಳಗೆ ನುಸುಳಿಕೊಂಡ. ಅದೇ ಕಂಪನಿಯಲ್ಲಿ ಇದೇ ಥರ ‘ಕನ್ಸಲ್ಟೆಂಟ್’ ಆಗಿರುವ ಯೋಗ ಶಿಕ್ಷಕಿ ಆ ಪಟ್ಟಿಯಲ್ಲಿ ಇಲ್ಲ. ಸಿನಿಮಾದವರ ಸಾಲಿನಲ್ಲಿ ನಟ, ನಿರ್ದೇಶಕರಲ್ಲದೆ ಹಾಡು ಬರೆಯುವವರು, ಸಂಭಾಷಣೆ ಬರೆಯುವವರು, ಬಟ್ಟೆ ವಿನ್ಯಾಸ ಮಾಡುವವರೂ ಇದ್ದಾರೆ. ಪತ್ರಿಕೆಗೆ ಅಂಕಣ ಬರೆಯುವವನು ಇಲ್ಲ. ನಾನು ಬರೆದದ್ದನ್ನೇ ಸಿನಿಮಾದ ಖಳನಾಯಕ ಹೇಳಿದರೆ ಅದು ವೃತ್ತಿ. ಇಲ್ಲಿ ನಾನೇ ಹೇಳಿದರೆ ಚಟ. 2025ರಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರುಗಳಿಗೂ ರಿಟರ್ನ್ ಫಾರಂನಲ್ಲಿ ಪ್ರತ್ಯೇಕ ಕೋಡು ಬಂತು. ಆ ಸೂಟಿನ ಹುಡುಗ ನನಗಿಂತ ಮೊದಲು ಇಲಾಖೆಯ ಕಣ್ಣಿಗೆ ಬಿದ್ದ. ಹೊಟ್ಟೆಕಿಚ್ಚಲ್ಲ, ಸುಮ್ಮನೆ ಹೇಳಿದೆ.

ನಡುವೆ ಒಬ್ಬ ಏಜೆಂಟನೂ ಬಂದು ಹೋದ. “ನಿಮ್ಮ ಟಿಡಿಎಸ್ ಪೂರ್ತಿ ವಾಪಸ್ ತರ್ತೀನಿ, ಅದ್ರಲ್ಲಿ ಹತ್ತು ಪರ್ಸೆಂಟ್ ನಂದು” ಎನ್ನುವ ಜಾತಿ. ಇವರ ಕೈಗೆ ಪಾಸ್‌ವರ್ಡ್ ಕೊಟ್ಟರೆ ನೀವು ಕೇಳಿರದ ಪಕ್ಷಕ್ಕೆ ನೀವೇ ದೇಣಿಗೆ ಕೊಟ್ಟಿರುತ್ತೀರಿ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ಕಡಿತಗಳನ್ನು ಹುಡುಕಿಕೊಂಡು ದೇಶದ 150 ಕಡೆ ಶೋಧ ನಡೆಸಿತು. ಏಜೆಂಟ್ ಸಿಮ್ ಬದಲಾಯಿಸುತ್ತಾನೆ, ಪ್ಯಾನ್ ನಂಬರು ಬದಲಾಯಿಸಲು ನಿಮಗೆ ಬರುವುದಿಲ್ಲ.

ಹೀಗೆ ಮೂರು ಕಡೆ ತಿರುಗಿ, ಎಲ್ಲ ಬಾಗಿಲೂ ಮುಚ್ಚಿದ ಮೇಲೆ ದೇವರ ಕಡೆ ಮುಖ ಮಾಡುವ ಪದ್ಧತಿಯಂತೆ, ಜುಲೈ ಮೂರನೇ ವಾರ ನಮ್ಮವನು ಆಡಿಟರ ಮೆಟ್ಟಿಲು ಹತ್ತಿದ. ಗಾಂಧಿಬಜಾರಿನ ಹಿಂದಿನ ರಸ್ತೆ, ಮೊದಲ ಮಹಡಿ. ಕಾರಿಡಾರಿನಲ್ಲೇ ಫೈಲುಗಳ ರಾಶಿ, ರಾಶಿಗಳ ನಡುವೆ ಆರ್ಟಿಕಲ್ಸ್ ಹುಡುಗರು. ಒಳಗೆ ಬರಹೇಳುವ ಮೊದಲೇ ಆಡಿಟರ್ ಕೇಳಿದರು: “ಈಗ ಬಂದಿದ್ದೀರಲ್ಲ, ಕಾಂಟ್ರ್ಯಾಕ್ಟಿಗೆ ಸೈನ್ ಹಾಕೋ ಮುಂಚೆ ಎಲ್ಲಿದ್ರಿ?” ಉತ್ತರಕ್ಕೆ ಕಾಯದೆ ಅವನನ್ನು ಮೂಲೆಯ ಮೇಜಿನ ಮೇಡಂ ಕಡೆ ಕಳಿಸಿದರು. ಅವರೂ ಸಿಎ ಪಾಸಾದವರೇ.

“ಒಪ್ಪಂದದ ಪ್ರತಿ ತಂದಿದ್ದೀರಾ?”

ಅದನ್ನು ಕೇಳಿದ ಮೊದಲ ವ್ಯಕ್ತಿ ಅವರು. ಅವನು ಫೋನಿನಲ್ಲಿ ಹುಡುಕಿ ತೆಗೆದುಕೊಟ್ಟ. ಮೇಡಂ ಓದುತ್ತಾ ಹೋದರು, ಕೇಳುತ್ತಾ ಹೋದರು.

“ಎಷ್ಟು ಹೊತ್ತಿಗೆ ಬರ್ಬೇಕು, ಎಷ್ಟು ಹೊತ್ತಿಗೆ ಹೋಗ್ಬೇಕು ಅಂತ ಯಾರು ಹೇಳೋದು?”

“ಮ್ಯಾನೇಜರ್. ಬರೋದು ಮಾತ್ರ ಹೇಳ್ತಾರೆ, ಹೋಗೋದು ಹೇಳಲ್ಲ.”

“ಲ್ಯಾಪ್‌ಟಾಪ್?”

“ಅವರದ್ದೇ. ಯುಎಸ್‌ಬಿ ಕೂಡ ಬ್ಲಾಕ್ ಮಾಡಿದ್ದಾರೆ.”

“ನಿಮಗೆ ಹುಷಾರಿಲ್ದೇ ಇದ್ರೆ ನಿಮ್ಮ ಬದಲಿಗೆ ಇನ್ನೊಬ್ರನ್ನ ಕಳಿಸ್ಬಹುದಾ?”

“ಸೆಕ್ಯೂರಿಟಿಯವನು ಗೇಟಲ್ಲೇ ಹಿಡೀತಾನೆ ಮೇಡಂ.”

“ಬೇರೆ ಕಂಪನಿ ಕೆಲಸ ಏನಾದ್ರೂ?”

“ಮಾಡಿದ್ರೆ ಕಾಂಟ್ರ್ಯಾಕ್ಟ್ ಕ್ಯಾನ್ಸಲ್ ಅಂತ ಇದೆಯಂತೆ.”

“ಇದೆಯಂತೆ?”

“ಓದಿಲ್ಲ.”

“ಪ್ರಾಜೆಕ್ಟು ಕೆಟ್ಟು ನಷ್ಟ ಆದ್ರೆ ಯಾರದ್ದು?”

“ನಷ್ಟ ಅವರದ್ದು. ಬೈಗುಳ ನಂದು.”

ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು. “ನೀವು ಎಂಪ್ಲಾಯಿ ಸರ್.”

ಈ ಪ್ರಶ್ನೆಗಳು ಅವರ ತಲೆಯಿಂದ ಬಂದವಲ್ಲ, ನ್ಯಾಯಾಲಯಗಳು ಮುಕ್ಕಾಲು ಶತಮಾನದಿಂದ ಕೇಳುತ್ತಿರುವುದು ಇವನ್ನೇ. 1950ರ ದಶಕದಲ್ಲಿ ಸೌರಾಷ್ಟ್ರದ ಧ್ರಾಂಗಧ್ರಾದ ಉಪ್ಪು ತಯಾರಿಸುವ ಕಂಪನಿಯೊಂದು ಸುಪ್ರೀಂ ಕೋರ್ಟಿಗೆ ಹೋಗಿ, ನಮ್ಮ ಉಪ್ಪಿನ ಪಾತಿಗಳಲ್ಲಿ ದುಡಿಯುವ ಅಗರಿಯಾಗಳು ಕಾರ್ಮಿಕರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದು ವಾದಿಸಿತು. ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಅಗರಿಯಾಗಳಿಗೆ ಹಾಜರಿ ಇರಲಿಲ್ಲ, ಕೆಲಸದ ಹೊತ್ತು ಗೊತ್ತುಮಾಡಿರಲಿಲ್ಲ, ಮನೆಮಂದಿಯನ್ನೋ ತಾವೇ ಕೂಲಿ ಕೊಡುವ ಆಳುಗಳನ್ನೋ ಜತೆಗೆ ಹಚ್ಚಿಕೊಳ್ಳಬಹುದಿತ್ತು, ಹಣ ಸಿಗುತ್ತಿದ್ದದ್ದು ಉಪ್ಪಿನ ತೂಕದ ಮೇಲೆ. ಆದರೂ ಏನು ಮಾಡಬೇಕು ಎಂಬುದರ ಜತೆಗೆ ಹೇಗೆ ಮಾಡಬೇಕು ಎಂಬುದರ ಮೇಲೂ ಕಂಪನಿಯ ಹಿಡಿತವಿದೆ, ಆದ್ದರಿಂದ ಇವರು ಕಾರ್ಮಿಕರೇ ಎಂದಿತು ಕೋರ್ಟು. ಬಿಸಿಲಲ್ಲಿ ತನ್ನಿಷ್ಟದ ಹೊತ್ತಿಗೆ ಬಂದು ಹೋಗುತ್ತಿದ್ದ ಅಗರಿಯಾ ಕಾರ್ಮಿಕ. ಮೂರು ಕಡೆ ಬೆರಳೊತ್ತಿ ಎಸಿಯೊಳಗೆ ಕೂರುವ ನಮ್ಮವನು ಸ್ವತಂತ್ರ.

ಇನ್ನೊಂದು ತೀರ್ಪು ನಮ್ಮದೇ ಹೈಕೋರ್ಟಿನದು, 2015ರದು. ಆಸ್ಪತ್ರೆಯ ಕನ್ಸಲ್ಟೆಂಟ್ ಡಾಕ್ಟರುಗಳಿಗೆ ಕೊಡುವುದು ಸಂಬಳ, ಅದಕ್ಕೆ ಸಂಬಳದ ಲೆಕ್ಕದಲ್ಲೇ ಟಿಡಿಎಸ್ ಹಿಡಿಯಬೇಕಿತ್ತು ಎಂದು ಇಲಾಖೆ ಪಟ್ಟು ಹಿಡಿಯಿತು. ಕೋರ್ಟು ಒಪ್ಪಂದದ ಷರತ್ತುಗಳನ್ನು ನೋಡಿ, ಇವರು ನೌಕರರಲ್ಲ, ವೃತ್ತಿಪರರು, 194ಜೆ ಸರಿಯಾಗಿಯೇ ಇದೆ ಎಂದಿತು. ಎರಡು ತೀರ್ಪಿನಿಂದ ತಿಳಿಯುವುದು ಇಷ್ಟು: ಹಣೆಪಟ್ಟಿ ನೋಡಿದರೆ ಸಾಲದು, ಷರತ್ತು ಓದಬೇಕು, ಕೆಲಸ ನಡೆಯುವ ರೀತಿ ನೋಡಬೇಕು. ಎರಡೂ ತೀರ್ಪನ್ನು ಮನಸ್ಸಿಟ್ಟು ಓದಿದವರು ಕಂಪನಿಯ ಲಾಯರು ಒಬ್ಬರೇ. ಅದಕ್ಕೇ ಆ ಹದಿನಾಲ್ಕು ಪುಟದಲ್ಲಿ ‘ಕನ್ಸಲ್ಟೆಂಟ್ ತನ್ನ ಇಷ್ಟದ ವೇಳೆಯಲ್ಲಿ, ಇಷ್ಟದ ರೀತಿಯಲ್ಲಿ ಸೇವೆ ಒದಗಿಸತಕ್ಕದ್ದು’ ಎಂದು ಐದನೇ ಪುಟದಲ್ಲಿ ಬರೆದು, ಒಂಬತ್ತನೇ ಪುಟದಲ್ಲಿ ‘ಕಂಪನಿಯ ಹಾಜರಾತಿ ನಿಯಮಗಳು ಅನ್ವಯಿಸತಕ್ಕದ್ದು’ ಎಂದು ಬರೆದಿದ್ದಾರೆ. ಐದನೇ ಪುಟ ಕೋರ್ಟಿಗೆ, ಒಂಬತ್ತನೇ ಪುಟ ಮ್ಯಾನೇಜರಿಗೆ.

“ಹಾಗಾದ್ರೆ ರಿಟರ್ನಿನಲ್ಲಿ ಸಂಬಳ ಅಂತಾನೇ ತೋರಿಸಿಬಿಡೋಣ್ವಾ ಮೇಡಂ?” ನಮ್ಮವನ ದನಿಯಲ್ಲಿ ಧರ್ಮರಾಯನ ಛಾಯೆ ಇತ್ತು.

ಒಳಗಿನಿಂದ ದೊಡ್ಡ ಆಡಿಟರ ದನಿ ಬಂತು. “ಏನೂ ಮಾಡ್ಬೇಡಿ! 26ಎಎಸ್‌ನಲ್ಲಿ 194ಜೆ ಅಂತ ಕೂತಿದೆ. ಫಾರಂ 16 ಇಲ್ಲ. ಸಂಬಳ ಅಂತ ಹಾಕಿದ್ರೆ ಕಂಪ್ಯೂಟರ್ ಮಿಸ್‌ಮ್ಯಾಚ್ ಅನ್ನತ್ತೆ. ಮೇಲಾಗಿ ಸಂಬಳ ಆದ್ರೆ 2,92,500 ಕಟ್ಬೇಕು. ಕಟ್ತೀರಾ?”

ಧರ್ಮರಾಯ ತಕ್ಷಣ ಕುರ್ಚಿಯಲ್ಲಿ ಸರಿದು ಕೂತ. “ಇಲ್ಲ ಸಾರ್, ಸುಮ್ನೆ ತಿಳ್ಕೊಳ್ಳೋಕೆ ಕೇಳ್ದೆ.”

ವೃತ್ತಿಪರರ ಸಲಹೆ ಎಂಬುದು ಎರಡು ಬಗೆ. ಒಂದು ಬಾಯಲ್ಲಿ ಹೇಳುವುದು, ಇನ್ನೊಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವುದು. ಬಾಯಿಮಾತು ನಿಜ, ಕಾಗದ ದುಬಾರಿ. ಕಾಗದವು ‘ನೀವು ಒದಗಿಸಿದ ಮಾಹಿತಿಯ ಆಧಾರದ ಮೇಲೆ’ ಎಂದು ಶುರುವಾಗಿ ‘ಇಲಾಖೆ ಬೇರೆ ನಿಲುವು ತಳೆಯುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಮುಗಿಯುತ್ತದೆ. ನಡುವೆ ಇರುವುದು ಕಲಮುಗಳ ಸಂಖ್ಯೆ. ಆಡಿಟರನ್ನು ದೂರಿ ಪ್ರಯೋಜನವಿಲ್ಲ. ಬಂದವರಿಗೆ ಬೇಕಾದದ್ದು ಸಲಹೆಯಲ್ಲ, ಅನುಮತಿ. ಸರಿ ಯಾವುದು ಎಂದು ಕೇಳಲು ಬಂದು, ಸರಿ ಯಾವುದು ಎಂದು ಹೇಳಿದ ಕೂಡಲೇ ಬೇರೆ ಆಡಿಟರ ನಂಬರು ಹುಡುಕುವ ಜನ ನಾವು.

ಹೊರಡುವಾಗ ಕುತೂಹಲಕ್ಕೆ ಕೇಳಿದ: “ಮೇಡಂ, ನೀವು ಇಲ್ಲಿ ಪಾರ್ಟ್ನರಾ?”

“ಅಲ್ಲ.”

“ಎಂಪ್ಲಾಯಿನಾ?”

“ಅದೂ ಅಲ್ಲ. ರಿಟೈನರು. 194ಜೆ.” ಅಷ್ಟು ಹೇಳಿ ಅವರು ಬಾಗಿಲ ಪಕ್ಕದ ಯಂತ್ರಕ್ಕೆ ಹೆಬ್ಬೆರಳು ಒತ್ತಿ ಊಟಕ್ಕೆ ಹೋದರು.

ಜಿಎಸ್‌ಟಿಯ ಮಾತು ಬಂದದ್ದು ಆಮೇಲೆ. ತಿಂಗಳಿಗೆ 2 ಲಕ್ಷದಂತೆ ಜನವರಿಗೆ 20 ಲಕ್ಷ ಮುಟ್ಟಿತ್ತು, ಫೆಬ್ರವರಿಯಲ್ಲಿ ದಾಟಿತ್ತು. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಗೆರೆ ಅದೇ. ದಾಟಿ ಮೂವತ್ತು ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕಿತ್ತು. ನಮ್ಮವನು ಎಚ್‌ಆರ್‌ಗೆ ಮೇಲ್ ಬರೆದ: ಇನ್ನು ಮೇಲೆ 2 ಲಕ್ಷದ ಮೇಲೆ 18 ಪರ್ಸೆಂಟ್ ಸೇರಿಸಿ ಬಿಲ್ ಮಾಡುತ್ತೇನೆ. ಉತ್ತರ ಬೇಗ ಬಂತು, ಮೊದಲಿನಂತೆಯೇ ನಗುನಗುತ್ತಾ: “ಸರ್, ನಮ್ಮ ರೇಟ್ ಇನ್‌ಕ್ಲೂಸಿವ್. ಏಳನೇ ಪುಟ ನೋಡಿ.”

ಏಳನೇ ಪುಟದಲ್ಲಿ ಹಾಗೇ ಇತ್ತು. ಈಗ ಲೆಕ್ಕ ಹಾಕಿ. ಪೂರ್ತಿ ಒಂದು ವರ್ಷದ 24 ಲಕ್ಷದೊಳಗೇ ಜಿಎಸ್‌ಟಿ ಸೇರಿದ್ದರೆ ಅದು 3,66,102 ರೂಪಾಯಿ. ಉಳಿಸಿದೆ ಎಂದು ಬೀಗಿದ ಆದಾಯ ತೆರಿಗೆ 2,92,500. ಮೇಲೆ 73,602 ಕೈಯಿಂದ ಹೋಯಿತು, ಸೂಟಿನ ಹುಡುಗ ಸಿಗಲಿಲ್ಲ. ಅವನು ನೌಕರನೇ ಆಗಿದ್ದಿದ್ದರೆ ನೌಕರ ಯಜಮಾನನಿಗೆ ಮಾಡುವ ಕೆಲಸ ಜಿಎಸ್‌ಟಿಯ ಲೆಕ್ಕಕ್ಕೇ ಬರುವುದಿಲ್ಲ, ಮೂರನೇ ಶೆಡ್ಯೂಲಿನಲ್ಲೇ ಹಾಗೆಂದು ಬರೆದಿದೆ. ಇತ್ತ ಅವನು ಕಟ್ಟಿದ ಮೂರೂವರೆ ಲಕ್ಷ ಚಿಲ್ಲರೆಯನ್ನು ಕಂಪನಿ ಇನ್‌ಪುಟ್ ಕ್ರೆಡಿಟ್ ಎಂದು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ‘ಬರೀ ಪೇಪರ್‌ವರ್ಕ್’ ಎಂದು ಆ ಹುಡುಗಿ ಹೇಳಿದ್ದಳಲ್ಲ, ಪೇಪರ್ ಇವನದು, ವರ್ಕ್ ಇವನದು.

ನೋಂದಣಿಗೆ ವ್ಯವಹಾರದ ವಿಳಾಸ ಬೇಕು. ಕಂಪನಿಯ ವಿಳಾಸ ಕೊಡುವಂತಿಲ್ಲ, ಅಲ್ಲಿ ಅವನು ಹೊರಗಿನವನು. ಬಾಡಿಗೆ ಮನೆಯದೇ ಕೊಡಬೇಕು, ಅದಕ್ಕೆ ಓನರ ಒಪ್ಪಿಗೆ ಪತ್ರ ಬೇಕು. ಹತ್ತು ತಿಂಗಳ ಅಡ್ವಾನ್ಸ್ ಇಸಿದುಕೊಂಡು ಮೊಳೆ ಹೊಡೆಯಲೂ ಬಿಡದ ಓನರಿಗೆ ಈ ವಿಷಯ ಹೇಳುವುದು ಹೇಗೆಂದು ಅವನು ಒಂದು ಡಬ್ಬಿ ಮೈಸೂರುಪಾಕ್ ಹಿಡಿದುಕೊಂಡು ಕೆಳಗಿಳಿದ.

“ಏನ್ರೀ, ಮನೇಲಿ ಅಂಗಡಿ ಇಡ್ತೀರಾ?”

“ಅಂಗಡಿ ಅಲ್ಲ ಅಂಕಲ್, ಜಿಎಸ್‌ಟಿ ನಂಬರ್ ತಗೋಬೇಕು. ಬರೀ ವಿಳಾಸ.”

“ನಂಬರ್ ತಗೊಂಡ್ರೆ ಬೋರ್ಡ್ ಹಾಕ್ತೀರಿ. ಬೋರ್ಡ್ ಹಾಕಿದ್ರೆ ಬೆಸ್ಕಾಂನವರು ಕಮರ್ಷಿಯಲ್ ಮೀಟರ್ ಅಂತಾರೆ. ಆಮೇಲೆ ಪ್ರಾಪರ್ಟಿ ಟ್ಯಾಕ್ಸ್‌ನವರು ಬರ್ತಾರೆ. ನಿಮಗೆ ಗೊತ್ತಿಲ್ವಾ, ಹೋದ್ವರ್ಷ ಜುಲೈನಲ್ಲಿ ಫೋನ್‌ಪೇ ಇಟ್ಕೊಂಡಿದ್ದ ಬೇಕರಿಯವ್ರಿಗೆಲ್ಲ ನೋಟಿಸ್ ಬಂದಿದ್ದು? ನಮ್ಮ ಮೂಲೆ ಕಾಂಡಿಮೆಂಟ್ಸ್‌ನವ್ನು ಕ್ಯುಆರ್ ಕೋಡೇ ಕಿತ್ತಾಕ್ದ.”

“ನಂದು ಕಂಪ್ಯೂಟರ್ ಕೆಲಸ ಅಂಕಲ್. ಅದೂ ಆಫೀಸಲ್ಲೇ ಕೂತು ಮಾಡೋದು.”

“ಆಫೀಸಲ್ಲಿ ಕೂತು ಮಾಡೋದಕ್ಕೆ ನನ್ನ ಮನೆ ವಿಳಾಸ ಯಾಕ್ರೀ?”

ಇಡೀ ಪ್ರಕರಣದಲ್ಲಿ ತೂಕದ ಮಾತು ಇದೊಂದೇ. ಸುಪ್ರೀಂ ಕೋರ್ಟಿಗೂ ಬೇಕಾದ ಪ್ರಶ್ನೆ ಇದು. ಒಪ್ಪಿಗೆ ಪತ್ರ ಕೊನೆಗೆ ಸಿಕ್ಕಿತು, ಬಾಡಿಗೆ ಎರಡು ಸಾವಿರ ಏರಿತು, ಮೈಸೂರುಪಾಕ್ ಮರಳಿ ಬರಲಿಲ್ಲ.

ಕಂಪನಿಗಳನ್ನಷ್ಟೇ ಬೈದರೆ ಅನ್ಯಾಯವಾಗುತ್ತದೆ. ಈ ವಿದ್ಯೆಯಲ್ಲಿ ಸರ್ಕಾರ ಅವರಿಗೆ ಹಿರಿಯಣ್ಣ. ವರ್ಷಗಟ್ಟಲೆ ಅದೇ ಕಾಲೇಜಿನಲ್ಲಿ ಅದೇ ಪಾಠ ಮಾಡಿದವರು ಇವತ್ತಿಗೂ ಅತಿಥಿ ಉಪನ್ಯಾಸಕರು. ಆಶಾ ಕಾರ್ಯಕರ್ತೆಯರಿಗೆ ಕೊಡುವುದು ಗೌರವಧನ. ಗೌರವ ಭಾಷಣದಲ್ಲಿ, ಧನ ತಡವಾಗಿ. 2024ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಕಚೇರಿಯನ್ನು ವರ್ಷಗಟ್ಟಲೆ ಗುಡಿಸಿದ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ, ಗಿಗ್ ಉದ್ಯಮದ ಇಂಥ ಚಾಳಿ ಸರ್ಕಾರಿ ಸಂಸ್ಥೆಗಳಿಗೂ ಅಂಟಿದೆ ಎಂದು ಸುಪ್ರೀಂ ಕೋರ್ಟು ಹೇಳಿ ಅವರನ್ನು ಕಾಯಂ ಮಾಡಿಸಿತು. ಊಟ ತಂದುಕೊಡುವ ಹುಡುಗನನ್ನು ಆ್ಯಪಿನವರು ‘ಪಾರ್ಟ್ನರ್’ ಎಂದು ಕರೆದರೂ ಅವನಿಗೆ ಕರ್ನಾಟಕ 2025ರಲ್ಲಿ ಒಂದು ಕಾಯ್ದೆ ಮಾಡಿತು. ವೇದಿಕೆಗಳು ಒಂದರಿಂದ ಐದು ಪರ್ಸೆಂಟ್‌ವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ನಮ್ಮ ಕನ್ಸಲ್ಟೆಂಟಿಗೆ ಅದೂ ಇಲ್ಲ, ಅವನು ಇಂಗ್ಲಿಷ್ ಮಾತಾಡುತ್ತಾನಲ್ಲ.

ಗೊಂದಲವೇ ಇಲ್ಲದ ತೆರಿಗೆ ಒಂದಿದೆ. ಕರ್ನಾಟಕದ ವೃತ್ತಿ ತೆರಿಗೆ. ನೌಕರನಾದರೂ ವರ್ಷಕ್ಕೆ 2,500, ಸ್ವತಂತ್ರನಾದರೂ 2,500. ಅದಕ್ಕಿಂತ ಹೆಚ್ಚು ಹಾಕಬಾರದೆಂದು ಸಂವಿಧಾನಕ್ಕೆ 1988ರಲ್ಲಿ ತಿದ್ದುಪಡಿ ತಂದು ಮಿತಿ ಹಾಕಿದ್ದಾರೆ, ಇಲ್ಲಿಯವರೆಗೂ ಬದಲಾಗಿಲ್ಲ. ನಮ್ಮವನಿಗೆ ಇದನ್ನು ಕಟ್ಟುವುದು ಮಾತ್ರ ಮರೆತೇಹೋಗಿತ್ತು. ಸಂಬಳದಲ್ಲಿ ತಾನಾಗಿ ಕಟ್ ಆಗುತ್ತಿತ್ತಲ್ಲ.

ಮುಂದಿನ ಸಲ ಅವನು ಆಡಿಟರ ಬಳಿ ಹೋದದ್ದು ಮನೆ ಸಾಲಕ್ಕಾಗಿ. ಬ್ಯಾಂಕಿನವರು ರಿಟರ್ನಿನ ಕರಡು ನೋಡಿ, “ವರ್ಷಕ್ಕೆ 12 ಲಕ್ಷಾನಾ? ಸೆಲ್ಫ್ ಎಂಪ್ಲಾಯ್ಡ್ ಬೇರೆ. ಇಷ್ಟು ಸಾಲ ಬರಲ್ಲ ಸರ್, ಇನ್ನೂ ಒಂದೆರಡು ವರ್ಷದ ರಿಟರ್ನ್ ತನ್ನಿ” ಎಂದಿದ್ದರು. ಮಾವನ ಮನೆಯಲ್ಲಿ ಅವನು ಎಂಎನ್‌ಸಿಯಲ್ಲಿ ಪರ್ಮನೆಂಟ್ ಎಂದಿದೆ, ಕೊರಳಲ್ಲಿ ಅದೇ ಕಂಪನಿಯ ಕಾರ್ಡಿದೆ, ಬ್ಯಾಂಕಿನ ಕಂಪ್ಯೂಟರಿಗೆ ಮಾತ್ರ ಕೊರಳು ಕಾಣುವುದಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದ: “ಸಾರ್, ಇನ್ಕಮ್ ಸ್ವಲ್ಪ ಜಾಸ್ತಿ ತೋರಿಸೋಕೆ ಆಗತ್ತಾ?”

ಆಡಿಟರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಇಷ್ಟು ವರ್ಷದ ಪ್ರ್ಯಾಕ್ಟೀಸಿನಲ್ಲಿ ಈ ವಾಕ್ಯವನ್ನು ತಗ್ಗಿದ ದನಿಯಲ್ಲಿ ಯಾರೂ ಹೇಳಿರಲಿಲ್ಲ. “ಧಾರಾಳವಾಗಿ. ಅರ್ಧಕ್ಕಿಂತ ಜಾಸ್ತಿ ಬಂದಿದ್ರೆ ಜಾಸ್ತಿ ತೋರಿಸಿ ಅಂತಾನೇ ಕಾನೂನಿರೋದು. ನಿಜವಾಗಿ ಎಷ್ಟು ಉಳೀತು?”

“ನಿಜವಾಗಿ ಅಂದ್ರೆ, ಎಲ್ಲಾ ಉಳೀತು.”

“ಹಾಗಾದ್ರೆ ಎಲ್ಲಾ ತೋರಿಸಿ, ತೆರಿಗೆ ಕಟ್ಟಿ, ಸಾಲ ತಗೊಳ್ಳಿ.”

“ತೆರಿಗೆ ಕಟ್ಟದೆ ತೋರಿಸೋಕೆ…”

ಮೇಡಂ ಮೂಲೆಯಲ್ಲಿ ಕೆಮ್ಮಿದರು.

ಇಷ್ಟು ಹೊತ್ತಿಗೆ ಅವನು 194ಜೆ, 44ಎಡಿಎ ಎಂದು ಮಂತ್ರದಂತೆ ಹೇಳಲು ಕಲಿತಿದ್ದ. ಅಷ್ಟರಲ್ಲಿ 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯೇ ಹೋಗಿ ಹೊಸದು ಬಂದಿತ್ತು. 536 ಕಲಮುಗಳು. 194ಜೆ ಎಂದರೆ ಇನ್ನು 393ರ ಒಳಗೆ ಹುಡುಕಬೇಕು, 44ಎಡಿಎ ಈಗ 58ರ ಮನೆಗೆ ಬಾಡಿಗೆಗೆ ಹೋಗಿದೆ. ಹೋದ ವರ್ಷದ ರಿಟರ್ನಿಗೆ ಹಳೇ ಕಾಯ್ದೆ, ಈ ವರ್ಷದ ದುಡಿಮೆಗೆ ಹೊಸ ಕಾಯ್ದೆ, ಆಡಿಟರ ಮೇಜಿನ ಮೇಲೆ ಎರಡೂ ಪುಸ್ತಕ. ನೌಕರನೋ ವೃತ್ತಿಪರನೋ ಎಂದು ತೀರ್ಮಾನಿಸುವ ಗೆರೆ ಎಲ್ಲಿದೆ ಎಂದು ಹೊಸ ಪುಸ್ತಕದಲ್ಲೂ ಅವನು ಹುಡುಕಿಸಿದ. ಭಾಷೆ ಸರಳವಾಗಿದೆ ಎಂದರು ಮೇಡಂ. ಗೆರೆ? ಅದು ಮೊದಲಿನ ಹಾಗೇ, ನಿಮ್ಮ ಒಪ್ಪಂದದಲ್ಲಿ.

ರಿಟರ್ನು ಸಲ್ಲಿಕೆಯಾಯಿತು, ಜಿಎಸ್‌ಟಿ ನಂಬರು ಬಂತು. ಆರ್ಟಿಕಲ್ಸ್ ಹುಡುಗ ಬಿಲ್ಲು ತಂದಿಟ್ಟ. ಸಲಹೆ ಮತ್ತು ರಿಟರ್ನು ಸೇರಿ 5,000, ಜಿಎಸ್‌ಟಿ 900, ಒಟ್ಟು 5,900.

ನಮ್ಮವನು ಬಿಲ್ಲನ್ನು ಮೇಲಿನಿಂದ ಕೆಳಗೆ ಓದಿದ. ಅವನು ಪೂರ್ತಿ ಓದಿದ ಮೊದಲ ದಾಖಲೆ ಅದು.

“ಸಾರ್, ಬಿಲ್ ಬೇಡ. ಕ್ಯಾಶ್ ಕೊಟ್ರೆ ಈ 900 ಬಿಡ್ತೀರಾ?”

“ನೀವೀಗ ಜಿಎಸ್‌ಟಿ ಇರೋರು ಸರ್,” ಎಂದರು ಮೇಡಂ, “ಬಿಲ್ ತಗೊಂಡ್ರೆ ಆ 900 ನಿಮಗೇ ಕ್ರೆಡಿಟ್ ಬರತ್ತೆ.”

“ಅದೆಲ್ಲ ಇರ್ಲಿ ಮೇಡಂ. ಕ್ಯಾಶ್ ತಗೋತೀರಾ?”